ಕೈಗಾ ಬೇಕೇ, ಬೇಡವೇ ಎಂದು ಜಗಳವಾಡುವ ಮನೆಗೆ ಒಂದು ಉತ್ತರ

ಪ್ರಶ್ನೆ: ನಮ್ಮ ಮೂಲ ಕಾರವಾರ ತಾಲ್ಲೂಕಿನ ಕದ್ರಾ ಸಮೀಪದ ಹಳ್ಳಿ. ನಾನು ಬೆಂಗಳೂರಿನ ರಾಜಾಜಿನಗರದಲ್ಲಿ ನೆಲೆಸಿ ವರ್ಷಗಳೇ ಆದವು. ಕೈಗಾ ಅಣು ವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕಗಳ ಮಾತು ಶುರುವಾದಾಗಿನಿಂದ ಚೌತಿಗೆ ಊರಿಗೆ ಹೋದರೆ ಮನೆಯಲ್ಲಿ ಇದೇ ಜಗಳ. ಚಿಕ್ಕಪ್ಪ ಸ್ಥಾವರದಲ್ಲಿ ಗುತ್ತಿಗೆ ಕಾರ್ಮಿಕರು. ಇದೂ ಇಲ್ಲದಿದ್ದರೆ ನಮ್ಮ ಹುಡುಗರೆಲ್ಲ ಗೋವಾಕ್ಕೆ ಹೋಗಿ ದುಡಿಯಬೇಕು ಎನ್ನುತ್ತಾರೆ. ಅತ್ತೆಯ ಮನೆಗೆ 2019ರಲ್ಲಿ ನೆರೆ ನುಗ್ಗಿತ್ತು. ಕ್ಯಾನ್ಸರ್ ಬಂದವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಇನ್ನೊಂದು ಕಲ್ಲೂ ಅಲ್ಲಿ ಬೀಳಕೂಡದು ಎನ್ನುತ್ತಾರೆ ಅವರು. ಇಬ್ಬರಲ್ಲಿ ಯಾರು ಸರಿ? ಊರು ಬಿಟ್ಟಿರುವ ನಾನು ಇದರಲ್ಲಿ ಬಾಯಿ ಹಾಕಬಹುದೇ? ಅಪ್ಪನ ಜಾಗದಲ್ಲಿ ಒಂದು ಮನೆ ಕಟ್ಟುವ ಆಸೆ ಇದೆ, ಕಟ್ಟಬಹುದೇ?

ಉತ್ತರ: ನಿಮ್ಮ ಚಿಕ್ಕಪ್ಪನ ಮಾತೂ ಸುಳ್ಳಲ್ಲ, ಅತ್ತೆಯ ಮಾತೂ ಸುಳ್ಳಲ್ಲ. ಅವರು ವಾದಿಸುತ್ತಿರುವುದು ಮಾತ್ರ ಒಂದೇ ವಿಷಯದ ಮೇಲಲ್ಲ. ಚಿಕ್ಕಪ್ಪ ಬರುವ ತಿಂಗಳ ಸಂಬಳದ ಮಾತಾಡುತ್ತಿದ್ದಾರೆ. ಏನಾದರೂ ಆದರೆ ನಮ್ಮ ಗತಿ ನೋಡುವವರು ಯಾರು ಎಂದು ಅತ್ತೆ ಕೇಳುತ್ತಿದ್ದಾರೆ. ಎರಡಕ್ಕೂ ಉತ್ತರ ಹೇಳಬೇಕಾದವರು ಸ್ಥಾವರ ನಡೆಸುವ ಭಾರತೀಯ ಅಣು ವಿದ್ಯುತ್ ನಿಗಮ, ಜಿಲ್ಲಾಡಳಿತ ಮತ್ತು ಎರಡೂ ಸರ್ಕಾರಗಳು. ಅವರು ಹೇಳದೆ ಬಿಟ್ಟದ್ದನ್ನು ಒಡಹುಟ್ಟಿದ ಇಬ್ಬರು ನಿಮ್ಮ ಮನೆಯ ಜಗಲಿಯ ಮೇಲೆ ಕುಳಿತು ಒಬ್ಬರ ಮೇಲೊಬ್ಬರು ಹಾಕಿಕೊಂಡು ಕಾದಾಡುತ್ತಿದ್ದಾರೆ.

ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಊರಿನ ಮುಂದೆ ಇಡುತ್ತಾರೆ, ತೀರ್ಮಾನ ಮಾತ್ರ ದೆಹಲಿ ಮತ್ತು ಮುಂಬೈಯಲ್ಲಿ ಆಗುತ್ತದೆ. ತಲಾ 700 ಮೆಗಾವ್ಯಾಟ್‌ನ ಈ ಎರಡು ಘಟಕಗಳು ಕೇಂದ್ರ ಸಂಪುಟ 2017ರಲ್ಲಿ ಒಂದೇ ಸಲಕ್ಕೆ ಒಪ್ಪಿಗೆ ಕೊಟ್ಟ 10 ರಿಯಾಕ್ಟರುಗಳ ಪಟ್ಟಿಯಲ್ಲಿದ್ದವು. ಕೈಗಾ ಸಮೀಪದ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದದ್ದು ಅದಾದ ಮೇಲೆ, 2018ರ ಡಿಸೆಂಬರಿನಲ್ಲಿ. ಅಷ್ಟೂ ವಿರೋಧ ದಾಖಲಾಯಿತು, 2019ರಲ್ಲಿ ಪರಿಸರ ಅನುಮತಿಯೂ ಸಿಕ್ಕಿತು. ಆದ್ದರಿಂದ ಬೇಕು-ಬೇಡಗಳ ಜಗಳವನ್ನು ಹಿಡಿದೇ ಕುಳಿತರೆ ಊರು ಒಡೆಯುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಯಾವ ಷರತ್ತಿನ ಮೇಲೆ, ಯಾರ ಜವಾಬ್ದಾರಿಯಲ್ಲಿ, ಯಾವ ಕಾಗದದಲ್ಲಿ ಬರೆದುಕೊಟ್ಟು ಎಂದು ಕೇಳತೊಡಗಿದರೆ ಚಿಕ್ಕಪ್ಪ ಮತ್ತು ಅತ್ತೆ ಒಂದೇ ಬೆಂಚಿನ ಮೇಲೆ ಕೂರಬಹುದು. ಇಂಧನ ನೀತಿಯನ್ನು ಓದಿ, ಕಲಿಸಿ ಬಂದ ನಾನು ದೃಢವಾಗಿ ನಂಬಿರುವುದು ಇದನ್ನು. ವಿರೋಧಿಸುವ ಹಕ್ಕನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಬಲವಾದ ಪ್ರಶ್ನೆ ಕೇಳುವವರ ವಿರೋಧಕ್ಕೆ ತೂಕ ಹೆಚ್ಚು.

ನಿಮ್ಮ ಅತ್ತೆಯ ಪೀಳಿಗೆಗೆ ಸರ್ಕಾರದ ಮಾತಿನ ಮೇಲೆ ಏಕೆ ನಂಬಿಕೆ ಇಲ್ಲ ಎಂಬುದನ್ನು ಬೆಂಗಳೂರಿನವರು ಅರ್ಥ ಮಾಡಿಕೊಳ್ಳಬೇಕು. ಉತ್ತರ ಕನ್ನಡದ ಜನ ಒಂದು ಯೋಜನೆಗೆ ಜಾಗ ಬಿಟ್ಟವರಲ್ಲ, ಸಾಲು ಯೋಜನೆಗಳಿಗೆ ಬಿಟ್ಟವರು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಬಂದಾಗ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ನೀರಿನಡಿ ಹೋಯಿತು. ಆಮೇಲೆ ಕೊಡಸಳ್ಳಿ, ಕದ್ರಾ. ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮೀನುಗಾರರು, ಗದ್ದೆಯವರು ಸಾವಿರಾರು ಸಂಖ್ಯೆಯಲ್ಲಿ ಎದ್ದುಹೋದರು. 1986ರಲ್ಲಿ ಅಡಿಗಲ್ಲು ಬಿದ್ದ ಆ ಯೋಜನೆಯ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದ ಕುಟುಂಬಗಳು ಇಂದಿಗೂ ಕಾರವಾರ, ಅಂಕೋಲಾದಲ್ಲಿ ಸಿಗುತ್ತವೆ. ಕೈಗಾ ಸ್ಥಾವರಕ್ಕಾಗಿಯೇ ಎಬ್ಬಿಸಿದ ಮನೆಗಳು ಇವುಗಳಿಗೆ ಹೋಲಿಸಿದರೆ ಕಡಿಮೆ. ಆದರೆ ಜನರ ನೆನಪಿನಲ್ಲಿ ಯೋಜನೆಗಳೆಲ್ಲ ಒಂದೇ ಖಾತೆಗೆ ಜಮಾ ಆಗುತ್ತವೆ, ಅದು ತಪ್ಪೂ ಅಲ್ಲ.

ಕೈಗಾ ವಿರೋಧಕ್ಕೂ ದೊಡ್ಡ ಪರಂಪರೆ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ತಡೆದು ನಿಲ್ಲಿಸಿದ ಜಿಲ್ಲೆ ಅದು, ಅಪ್ಪಿಕೋ ಚಳವಳಿ ಹುಟ್ಟಿದ ಜಿಲ್ಲೆ. ಹೊನ್ನಾವರ ಸೀಮೆಯಲ್ಲಿ ವೈದ್ಯೆಯಾಗಿ ದುಡಿದ ಡಾ. ಕುಸುಮಾ ಸೊರಬ ಅವರು ಈ ಹೋರಾಟದ ಮುಂಚೂಣಿಯಲ್ಲಿದ್ದರು. ಶಿವರಾಮ ಕಾರಂತರು 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಅಲ್ಲಿಂದ ಪಕ್ಷೇತರರಾಗಿ ನಿಂತರು. ಗೆಲ್ಲಲಿಲ್ಲ. ಆದರೆ ಪರಿಸರದ ಪ್ರಶ್ನೆಯನ್ನು ಮತಗಟ್ಟೆಯವರೆಗೆ ಒಯ್ದರು. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಕಾಂಕ್ರೀಟ್ ಗುಮ್ಮಟದ ಒಳಭಾಗ ಕಳಚಿಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ, ಕಾರ್ಮಿಕರು ಗಾಯಗೊಂಡರು. 'ಏನೂ ಆಗುವುದಿಲ್ಲ' ಎಂದು ಎಂಜಿನಿಯರುಗಳು ಹೇಳಿದಾಗ ನಿಮ್ಮ ಅತ್ತೆಯ ವಯಸ್ಸಿನವರಿಗೆ ಆ ಗುಮ್ಮಟ ನೆನಪಾಗುತ್ತದೆ.

ಇನ್ನೊಂದು ಬದಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2000ದಲ್ಲಿ ಎರಡು, 2007ರಲ್ಲಿ ಒಂದು, 2011ರಲ್ಲಿ ಮತ್ತೊಂದು, ಹೀಗೆ ನಾಲ್ಕು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಟ್ಟು 880 ಮೆಗಾವ್ಯಾಟ್. ಒಂದನೇ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಹಾಗೆ ನಡೆಸುವುದಕ್ಕೆ ಶಿಸ್ತು ಬೇಕು, ಆ ಶಿಸ್ತಿನಲ್ಲಿ ನಿಮ್ಮ ಚಿಕ್ಕಪ್ಪನಂಥವರ ಬೆವರೂ ಇದೆ. ಅದೇ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕಾರ್ಮಿಕರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇದ್ದ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಸೇರಿದ್ದೂ ನಿಜ. ಯಾರೋ ಬೇಕೆಂದೇ ಬೆರೆಸಿದ್ದು ಎಂದು ಅಧಿಕಾರಿಗಳೇ ಹೇಳಿದರು. ಹಲವು ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಿದ್ದು ಪತ್ತೆಯಾಗಿ ಚಿಕಿತ್ಸೆ ಆಯಿತು. ದಾಖಲೆಯ ಸುದ್ದಿಯನ್ನು ಹೇಳಿ ಕೂಲರಿನ ಸುದ್ದಿಯನ್ನು ನುಂಗುವವರನ್ನೂ, ಕೂಲರಿನದನ್ನೇ ಹೇಳಿ ಅಷ್ಟು ವರ್ಷಗಳ ನಡೆಯನ್ನು ಮರೆಸುವವರನ್ನೂ ನಾನು ನಂಬುವುದಿಲ್ಲ.

ಈಗ ಕ್ಯಾನ್ಸರ್ ಮಾತು. ಸ್ಥಾವರದಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣಕ್ಕೆ ನಿಯಮ ಹಾಕಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಮಾನ). ಭೂಮಿ, ಆಕಾಶ, ಗಾಳಿ, ಆಹಾರಗಳಿಂದ ಸಹಜವಾಗಿ ಮನುಷ್ಯರಿಗೆ ತಗಲುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಸ್ಥಾವರದ ಬಳಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಒಂದಿದೆ. ಸುತ್ತಲಿನ ನೀರು, ಮಣ್ಣು, ಹಾಲು, ಮೀನು, ಅಕ್ಕಿಯ ಮಾದರಿಗಳನ್ನು ತಂದು ಅಳೆಯುವುದು ಅದರ ಕೆಲಸ. ಅಳತೆಗಳು ಮಿತಿಗಿಂತ ಬಹಳ ಕೆಳಗಿವೆ ಎಂದು ಅವರು ವರದಿ ಮಾಡುತ್ತಾರೆ. ಆ ವಿಜ್ಞಾನಿಗಳು ಸುಳ್ಳು ಹೇಳುತ್ತಾರೆ ಎಂದು ನಾನು ಭಾವಿಸುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಆ ಪ್ರಯೋಗಾಲಯ ಭಾಭಾ ಅಣು ಸಂಶೋಧನಾ ಕೇಂದ್ರದ್ದು, ಕೇಂದ್ರ ಅಣುಶಕ್ತಿ ಇಲಾಖೆಯದು, ನಿಗಮವೂ ಅದೇ ಇಲಾಖೆಯದು. ಸ್ಥಾವರಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಅಣುಶಕ್ತಿ ನಿಯಂತ್ರಣ ಮಂಡಳಿಯ ಸ್ವಾತಂತ್ರ್ಯ ಸಾಲದು ಎಂದು ಮಹಾಲೇಖಪಾಲರೇ 2012ರ ವರದಿಯಲ್ಲಿ ಬರೆದಿದ್ದರು. ಅಡಿಗೆ ಮಾಡಿದವರೇ ರುಚಿ ನೋಡಿ ಚೆನ್ನಾಗಿದೆ ಎಂದರೆ ಊಟಕ್ಕೆ ಕುಳಿತವರಿಗೆ ಅದು ಸಾಕಾಗುವುದಿಲ್ಲ.

ಅತ್ತೆ ಹೇಳುವ ಹೆಸರುಗಳನ್ನು ತಳ್ಳಿಹಾಕಬೇಡಿ, ಅವುಗಳಿಂದಲೇ ತೀರ್ಮಾನಕ್ಕೂ ಬರಬೇಡಿ. ಒಂದು ಹಳ್ಳಿಯಲ್ಲಿ ಐದಾರು ಜನರಿಗೆ ಕ್ಯಾನ್ಸರ್ ಬಂದರೆ ಅದಕ್ಕೆ ಸ್ಥಾವರ ಕಾರಣವೋ, ತಂಬಾಕು ಕಾರಣವೋ, ಆಯುಷ್ಯ ಹೆಚ್ಚಿ ರೋಗ ಪತ್ತೆಯಾಗುತ್ತಿರುವುದು ಕಾರಣವೋ ಎಂದು ಹೆಸರುಗಳ ಪಟ್ಟಿಯಿಂದ ತಿಳಿಯುವುದಿಲ್ಲ. ವಯಸ್ಸು, ವೃತ್ತಿ, ಕ್ಯಾನ್ಸರಿನ ಬಗೆ, ಊರಿನಲ್ಲಿದ್ದ ವರ್ಷಗಳು, ಇವೆಲ್ಲ ಇರುವ ನೋಂದಣಿ ಪುಸ್ತಕ ಬೇಕು. ಸ್ಥಾವರದಿಂದ ದೂರದ ಹಳ್ಳಿಗಳ ಜೊತೆ ಹೋಲಿಸಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ದಶಕಗಳಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಹಾಗೆ ಮಾಡುವ ವಿದ್ಯೆ ರಾಜ್ಯದಲ್ಲಿ ಇಲ್ಲದ್ದೇನಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕದ್ರಾ, ಮಲ್ಲಾಪುರ, ಜೋಯಿಡಾ ಕಡೆಯ ಹಳ್ಳಿಗಳನ್ನು ಒಳಗೊಂಡ ನೋಂದಣಿಯನ್ನು ಆ ಕಾಲೇಜು ನಡೆಸಲಿ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ ಎಂಬುದು ಅತ್ತೆಯೂ ಚಿಕ್ಕಪ್ಪನೂ ಸೇರಿ ಇಡಬಹುದಾದ ಬೇಡಿಕೆ. ಸ್ಥಾವರದಿಂದ ತೊಂದರೆ ಇಲ್ಲ ಎಂಬುದು ನಿಜವಾದರೆ ನಿಗಮಕ್ಕೂ ಇದರಿಂದ ಲಾಭವೇ.

ಆಸ್ಪತ್ರೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಇಡೀ ಜಿಲ್ಲೆ ತುರ್ತು ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುತ್ತದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ ಜಿಲ್ಲೆಯೇ ಒಕ್ಕೊರಲಿನಿಂದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತು. ಕೈಗಾದ ಪರವಾಗಿದ್ದವರು, ವಿರುದ್ಧವಾಗಿದ್ದವರು ಎಂಬ ಭೇದ ಆ ದಿನಗಳಲ್ಲಿ ಇರಲಿಲ್ಲ. ಅಣು ಸ್ಥಾವರ, ನೌಕಾನೆಲೆ, ಸಾಲು ಅಣೆಕಟ್ಟುಗಳನ್ನು ಹೊತ್ತ ಜಿಲ್ಲೆಗೆ ಹೃದಯಾಘಾತದ ರೋಗಿಯನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ.

ಕೆಲಸದ ವಿಷಯ ಚುಟುಕಾಗಿ. ನಿಗಮದ ಕಾಯಂ ತಾಂತ್ರಿಕ ಹುದ್ದೆಗಳಿಗೆ ದೇಶದಾದ್ಯಂತದಿಂದ ನೇಮಕಾತಿ ನಡೆಯುತ್ತದೆ. ಊರಿನವರಿಗೆ ಹೆಚ್ಚಾಗಿ ಸಿಗುವುದು ಗುತ್ತಿಗೆಯ ಕೆಲಸ. ಹೊಸ ಘಟಕ ಕಟ್ಟುವ ವರ್ಷಗಳಲ್ಲಿ ಸಾವಿರಾರು ಕೈಗಳು ಬೇಕಾಗುತ್ತವೆ, ಕಟ್ಟಿ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಬೇಡವಾಗುತ್ತವೆ. ಹಾಗಾಗಿ ಎಷ್ಟು ಕೆಲಸ ಎಂದಷ್ಟೇ ಚಿಕ್ಕಪ್ಪ ಕೇಳಿದರೆ ಸಾಲದು. ಎಷ್ಟು ವರ್ಷದ ಕೆಲಸ, ಭವಿಷ್ಯನಿಧಿ ಯಾರ ಹೆಸರಿನಲ್ಲಿ, ಕಾರವಾರದ ಐಟಿಐಯಲ್ಲಿ ಸ್ಥಾವರಕ್ಕೆ ಬೇಕಾದ ವೆಲ್ಡಿಂಗ್, ಉಪಕರಣ ನಿರ್ವಹಣೆಯ ತರಬೇತಿ ಎಷ್ಟು ಜನರಿಗೆ, ಗುತ್ತಿಗೆದಾರ ಬದಲಾದರೂ ಕಾರ್ಮಿಕನ ವಿಕಿರಣ ದಾಖಲೆ ಅವನ ಜೊತೆಗೆ ಬರುತ್ತದೆಯೇ, ಅದರ ಪ್ರತಿ ಅವನ ಕೈಗೆ ಸಿಗುತ್ತದೆಯೇ ಎಂದೂ ಕೇಳಬೇಕು. ಕೊನೆಯ ಪ್ರಶ್ನೆಯನ್ನು ಅವರು ನಾಳೆಯೇ ಮೇಲ್ವಿಚಾರಕರಿಗೆ ಕೇಳಬಹುದು.

ಇಷ್ಟು ಚರ್ಚೆಯಲ್ಲೂ ಹೆಚ್ಚು ಕೇಳಬೇಕಾದ, ಕಡಿಮೆ ಕೇಳಿಬರುವ ಪ್ರಶ್ನೆ ರಸ್ತೆಯದು. ನಮ್ಮ ನಿಯಮಗಳ ಪ್ರಕಾರ ಅಣು ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತು ಯೋಜನೆ ಇರಬೇಕು. ಸ್ಥಾವರದ ಗೋಡೆಯ ಒಳಗಿನ ತುರ್ತು ಸ್ಥಿತಿಯನ್ನು ನಿಗಮ ನೋಡಿಕೊಳ್ಳುತ್ತದೆ. ಹೊರಗಿನದಕ್ಕೆ ಜಿಲ್ಲಾಧಿಕಾರಿ ಹೊಣೆ. ಎರಡು ವರ್ಷಕ್ಕೊಮ್ಮೆ ಜನರನ್ನು ಸೇರಿಸಿಕೊಂಡು ಅಣಕು ಕಾರ್ಯಾಚರಣೆ ನಡೆಯಬೇಕು. ಸೈರನ್ ಕೂಗಿದರೆ ಮನೆಯೊಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಬೇಕು, ಹೇಳಿದಾಗ ಅಯೋಡಿನ್ ಮಾತ್ರೆ ನುಂಗಬೇಕು, ಅಗತ್ಯ ಬಿದ್ದರೆ ಗೊತ್ತುಪಡಿಸಿದ ಜಾಗಕ್ಕೆ ಬಸ್ಸಿನಲ್ಲಿ ಹೋಗಬೇಕು. ಆ ಮಾತ್ರೆ ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಗ್ರಂಥಿಯಲ್ಲಿ ಕೂರದಂತೆ ತಡೆಯುತ್ತದೆ, ಬೇರೆ ವಿಕಿರಣಕ್ಕೆ ಮದ್ದಲ್ಲ. ಸಮಯಕ್ಕೆ ಸರಿಯಾಗಿ ನುಂಗಿದರಷ್ಟೇ ಪ್ರಯೋಜನ. ಕಾಗದದ ಮೇಲೆ ಇದೆಲ್ಲ ಸರಿಯಾಗಿದೆ.

ಆದರೆ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ? ನಿಮ್ಮೂರನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಂದು ದಾರಿ ಹೊಳೆಗುಂಟ ಕಾರವಾರಕ್ಕೆ. ಒಂದು ಕೈಗಾದ ಮೇಲಿಂದಲೇ ಘಟ್ಟ ಹತ್ತಿ ಯಲ್ಲಾಪುರದ ಕಡೆಗೆ, ಅಂದರೆ ಸ್ಥಾವರದತ್ತಲೇ. ಇನ್ನೊಂದು ಅಣಶಿ ಘಟ್ಟದ ಮೂಲಕ ಜೋಯಿಡಾಕ್ಕೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ. ಮಳೆಗಾಲದಲ್ಲಿ ಇವುಗಳ ಗತಿ ಏನಾಗುತ್ತದೆ ಎಂಬುದಕ್ಕೆ ಕಳೆದ ಕೆಲವು ವರ್ಷಗಳೇ ಸಾಕ್ಷಿ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳಿಗೆ ನುಗ್ಗಿತು. 2021ರ ಜುಲೈಯಲ್ಲಿ ಅದು ಮರುಕಳಿಸಿತು, ಅದೇ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು, ಅರಬೈಲ್ ಘಟ್ಟದ ಹೆದ್ದಾರಿಯೂ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು ಗಂಗಾವಳಿ ಹೊಳೆಗೆ ಜಾರಿತು, ಹಲವರ ಪ್ರಾಣ ಹೋಯಿತು. ಅದಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಉಳಿಸಿದರು.

ಇವೆಲ್ಲವನ್ನೂ ಒಂದು ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ರಿಯಾಕ್ಟರಿನಲ್ಲಿ ಅಪಘಾತ ಆಗುವ ಸಂಭವ ಬಹಳ ಕಡಿಮೆ ಎಂದು ಎಂಜಿನಿಯರುಗಳು ಹೇಳುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಕಡಿಮೆ ಸಂಭವದ ಘಟನೆಗೆ ಆಷಾಢ, ಶ್ರಾವಣ ಎಂಬ ಲೆಕ್ಕ ಇಲ್ಲ. ಫುಕುಶಿಮಾದಲ್ಲಿ 2011ರಲ್ಲಿ ಭೂಕಂಪ, ಸುನಾಮಿ, ಸ್ಥಾವರದ ಅಪಘಾತ ಮೂರೂ ಒಟ್ಟಿಗೆ ಬಂದವು. ಜನರನ್ನು ಸಾಗಿಸುವ ಗಡಿಬಿಡಿಯಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿದ್ದ ಹಿರಿಯರು ದಾರಿಯಲ್ಲೇ ಸತ್ತರು, ವಿಕಿರಣ ಅವರನ್ನು ಕೊಲ್ಲಲಿಲ್ಲ. ಹಾಗಾಗಿ ಮುಂದಿನ ಅಣಕು ಕಾರ್ಯಾಚರಣೆಯನ್ನು ಜುಲೈ ತಿಂಗಳ ಮಳೆಯಲ್ಲಿ, ಒಂದು ರಸ್ತೆ ಮುಚ್ಚಿದೆ ಎಂದು ಭಾವಿಸಿಕೊಂಡು ನಡೆಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಿ. ಅಯೋಡಿನ್ ಮಾತ್ರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ಬೀಗದ ಕೈ ಯಾರ ಬಳಿ ಇದೆ ಎಂದು ಅತ್ತೆ ಆಶಾ ಕಾರ್ಯಕರ್ತೆಯನ್ನೇ ಕೇಳಬಹುದು. ಹಾಸಿಗೆ ಹಿಡಿದವರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಪಂಚಾಯಿತಿಯಲ್ಲಿ ಇರಬೇಕು. 5, 6ನೇ ಘಟಕ ಬರಲಿ, ಬಾರದಿರಲಿ, ಈಗಿರುವ ನಾಲ್ಕಕ್ಕೇ ಇದು ಬೇಕು. ಇದನ್ನು ಕೇಳಿದ ಮಾತ್ರಕ್ಕೆ ನಿಮ್ಮನ್ನು ಅಭಿವೃದ್ಧಿ ವಿರೋಧಿ ಎನ್ನಲು ಯಾರಿಂದಲೂ ಸಾಧ್ಯವಿಲ್ಲ.

ನೀರಿನದೂ ಹೀಗೆಯೇ. ಸ್ಥಾವರ ತಂಪಾಗಲು ಕದ್ರಾ ಜಲಾಶಯದ ನೀರು ಬೇಕು, ಬಳಸಿದ ಬಿಸಿ ನೀರು ಅಲ್ಲಿಗೇ ಮರಳುತ್ತದೆ. ಸ್ಥಾವರಕ್ಕೆ ಜಲಾಶಯದಲ್ಲಿ ಸದಾ ನೀರಿರಬೇಕು, ಕೆಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಜಲಾಶಯ ಖಾಲಿ ಜಾಗ ಇಟ್ಟುಕೊಂಡಿರಬೇಕು. ಅಣೆಕಟ್ಟು ಮಾತ್ರ ಕರ್ನಾಟಕ ವಿದ್ಯುತ್ ನಿಗಮದ್ದು, ಅದರ ಕೇಂದ್ರ ಕಚೇರಿ ನಿಮ್ಮ ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿದೆ. ಮಳೆಗಾಲದ ಯಾವ ತಿಂಗಳಲ್ಲಿ ನೀರಿನ ಮಟ್ಟ ಎಷ್ಟಿರಬೇಕು ಎಂಬ ಲಿಖಿತ ನಿಯಮವನ್ನು ಹಳ್ಳಿಗಳಿಗೆ ತೋರಿಸಿ ಎನ್ನುವುದು ಅಲ್ಲಿಗೆ ಒಯ್ಯಬೇಕಾದ ಅರ್ಜಿ. ಅತ್ತೆಯ ಮನೆಗೆ ನುಗ್ಗಿದ್ದು ಅಣುವಲ್ಲ, ಗೇಟಿನಿಂದ ಬಿಟ್ಟ ನೀರು. ಆ ಸಿಟ್ಟು ಸರಿಯಾದ ಬಾಗಿಲು ತಟ್ಟಲಿ.

ಬೆಂಗಳೂರಿನ ಪಾತ್ರದ ಬಗ್ಗೆ ಎರಡು ಮಾತು ಹೇಳದೆ ಹೋದರೆ ಉತ್ತರ ಅರ್ಧವಾಗುತ್ತದೆ. ಕೈಗಾದ ವಿದ್ಯುತ್ತು ದಕ್ಷಿಣದ ಗ್ರಿಡ್ಡಿಗೆ ಸೇರುತ್ತದೆ, ಅದರ ದೊಡ್ಡ ಗಿರಾಕಿಗಳಲ್ಲಿ ಈ ನಗರವೂ ಒಂದು. ಕೈಗಾ ಬೇಕೇ ಎಂಬ ಪ್ರಶ್ನೆಯನ್ನು ಲೆಕ್ಕ ಹಾಕಿ ನೋಡಿದವರೂ ಇಲ್ಲಿಯವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಅವರು 1980ರ ದಶಕದ ಕೊನೆಯಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆಗೆ ಎದುರಾಗಿ ಬೇರೊಂದು ಲೆಕ್ಕ ಮುಂದಿಟ್ಟರು. ಇಷ್ಟು ಮೆಗಾವ್ಯಾಟ್ ಬೇಕು ಎಂದು ಶುರು ಮಾಡುವ ಬದಲು ಮನೆ, ಹೊಲ, ಕಾರ್ಖಾನೆಗಳಿಗೆ ಯಾವ ಸೇವೆ ಬೇಕು, ಅದನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಕೊಡಬಹುದು ಎಂದು ನೋಡಿ ಎನ್ನುವುದು ಅವರ ವಾದದ ತಿರುಳು. 2005ರಲ್ಲಿ ಅವರೂ ಎಂ.ವಿ. ರಮಣ, ಆಂಟೊನೆಟ್ ಡಿಸಾ ಅವರೂ ಸೇರಿ ಕೈಗಾದ ವೆಚ್ಚವನ್ನು ರಾಯಚೂರು ಶಾಖೋತ್ಪನ್ನ ಸ್ಥಾವರದ ಏಳನೇ ಘಟಕದ ಜೊತೆ ಹೋಲಿಸಿದರು. ಕೈಗಾದ ಮೊದಲ ಎರಡು ಘಟಕಗಳಿಗೆ ಆರಂಭದ ಅಂದಾಜು ಸುಮಾರು 730 ಕೋಟಿ ರೂಪಾಯಿ, ಕೊನೆಗೆ ಅದು ಸುಮಾರು 2,896 ಕೋಟಿಗೆ ಮುಟ್ಟಿತು. ಬಂಡವಾಳಕ್ಕೆ ತೀರಾ ಕಡಿಮೆ ಬಡ್ಡಿ ಹಿಡಿದರೆ ಮಾತ್ರ ಕೈಗಾ ಅಗ್ಗವೆನಿಸುತ್ತದೆ, ಇಲ್ಲದಿದ್ದರೆ ಕಲ್ಲಿದ್ದಲೇ ಅಗ್ಗ ಎಂದು ಅವರ ಲೆಕ್ಕ ತೋರಿಸಿತು. ಅಂದಿನಿಂದ ಕಾಲ ಬದಲಾಗಿದೆ. ಕಲ್ಲಿದ್ದಲಿನ ಹೊಗೆಗೆ ತೆರಬೇಕಾದ ಬೆಲೆ ಈಗ ಎಲ್ಲರಿಗೂ ಗೊತ್ತು, ಪಾವಗಡದಂಥ ಕಡೆ ಬಿಸಿಲಿನಿಂದ ಬರುವ ವಿದ್ಯುತ್ತು ಅಗ್ಗವಾಗಿದೆ, ರಾತ್ರಿಯ ವಿದ್ಯುತ್ತಿನ ಸಮಸ್ಯೆ ಉಳಿದಿದೆ. ಆದ್ದರಿಂದ ಆ ಹಳೆಯ ಅಂಕಿಗಳನ್ನು ಇಂದಿಗೆ ಹಾಗೆಯೇ ಎತ್ತಿಡಲಾರೆ. ಆದರೆ ಬಡ್ಡಿ ಎಷ್ಟು ಹಿಡಿದಿದ್ದೀರಿ, ಅಂದಾಜು ಮೀರಿದರೆ ಯಾರು ತೆರುತ್ತಾರೆ ಎಂಬ ಅವರ ಪ್ರಶ್ನೆ ಇಂದಿಗೂ ಹೊಸದಾಗಿಯೇ ಇದೆ.

ಸ್ಥಾವರದ ಕೊನೆಗಾಲದ ಪ್ರಶ್ನೆಯೂ ಊರಿನದೇ. ಎಂದೋ ಒಂದು ದಿನ ಘಟಕಗಳನ್ನು ನಿಲ್ಲಿಸಿ ಬಿಚ್ಚಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಯೂನಿಟ್ಟಿಗೆ 2 ಪೈಸೆಯಂತೆ ಎತ್ತಿಡುವ ಪದ್ಧತಿ ನಡೆದುಬಂದಿದೆ. ಕೈಗಾದಲ್ಲಿ ವರ್ಷಕ್ಕೆ 600 ಕೋಟಿ ಯೂನಿಟ್ ಉತ್ಪಾದನೆ ಎಂದು ಹಿಡಿದರೆ 12 ಕೋಟಿ ರೂಪಾಯಿ ಆಯಿತು. ನಾಲ್ಕು ಘಟಕಗಳನ್ನು ಬಿಚ್ಚಲು, ಬಳಸಿದ ಇಂಧನವನ್ನು ಸಾಗಿಸಲು ಇದು ಸಾಕೇ? ಬಳಸಿದ ಇಂಧನ ಎಷ್ಟು ವರ್ಷ ಕೈಗಾದಲ್ಲೇ ಇರುತ್ತದೆ? ನಿಮ್ಮ ಮಕ್ಕಳು ಆ ಊರಿಗೆ ಹೋಗಿ ಬರುವ ಕಾಲದ ಪ್ರಶ್ನೆಗಳಿವು.

ಬೇರೆ ಕಡೆಯವರು ಏನು ಮಾಡಿದರು ಎಂದು ತಿಳಿದರೆ ನಿಮ್ಮವರಿಗೆ ಧೈರ್ಯ ಬರಬಹುದು. ಜಪಾನಿನ ಮಾಕಿ ಎಂಬ ಪಟ್ಟಣ 1996ರಲ್ಲಿ ತನ್ನದೇ ಜನಮತ ಸಂಗ್ರಹ ನಡೆಸಿತು. ಸುಮಾರು 61 ಶೇಕಡ ಮಂದಿ ಸ್ಥಾವರ ಬೇಡವೆಂದರು, ವಿದ್ಯುತ್ ಕಂಪನಿ 2003ರಲ್ಲಿ ಯೋಜನೆ ಕೈಬಿಟ್ಟಿತು. ಸ್ವೀಡನ್ನಿನ ಓಸ್ಟ್‌ಹಾಮಾರ್ ಪುರಸಭೆಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬಳಸಿದ ಇಂಧನವನ್ನು ಶಾಶ್ವತವಾಗಿ ಹೂಳುವ ಯೋಜನೆ ಬಂತು. ಬೇಡ ಎಂದು ತಡೆಯುವ ಅಧಿಕಾರ ಪುರಸಭೆಗೆ ಕಾನೂನಿನಲ್ಲೇ ಇತ್ತು, ತನ್ನದೇ ತಜ್ಞರನ್ನು ಇಟ್ಟುಕೊಂಡು ದಾಖಲೆ ಪರಿಶೀಲಿಸಲು ಸ್ಥಾವರಗಳಿಂದ ವಸೂಲಾದ ನಿಧಿಯಿಂದ ಹಣವೂ ಸಿಗುತ್ತಿತ್ತು. ವರ್ಷಗಟ್ಟಲೆ ಓದಿ, ಪ್ರಶ್ನಿಸಿ, 2020ರಲ್ಲಿ ಪುರಸಭೆ ಒಪ್ಪಿಗೆ ಕೊಟ್ಟಿತು. ತಡೆಯುವ ಅಧಿಕಾರ ಇದ್ದ ಊರೇ ನಿಶ್ಚಿಂತೆಯಿಂದ ಒಪ್ಪಿತು ಎಂಬುದನ್ನು ನಮ್ಮ ನಿಗಮದವರೂ ಗಮನಿಸಬೇಕು. ಫ್ರಾನ್ಸಿನಲ್ಲಿ 2006ರ ಕಾಯ್ದೆಯ ಪ್ರಕಾರ ಪ್ರತಿ ಸ್ಥಾವರಕ್ಕೂ ಸ್ಥಳೀಯ ಮಾಹಿತಿ ಸಮಿತಿ ಇದೆ. ಚುನಾಯಿತರು, ಕಾರ್ಮಿಕ ಸಂಘದವರು, ಪರಿಸರದವರು ಅದರಲ್ಲಿ ಕೂರುತ್ತಾರೆ, ಸ್ಥಾವರದವರು ಅದಕ್ಕೆ ಉತ್ತರ ಹೇಳಬೇಕು. ನಮ್ಮಲ್ಲಿ ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧ 2011ರಿಂದ ಇಡಿಂದಕರೈ ಮೀನುಗಾರರು ನಡೆಸಿದ ಹೋರಾಟ ಪೊಲೀಸು, ಮೊಕದ್ದಮೆಗಳಲ್ಲಿ ಮುಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಒಪ್ಪಿಗೆ ಕೊಟ್ಟಿತು, ಜೊತೆಗೆ ಸುರಕ್ಷತೆಯ ನಿರ್ದೇಶನಗಳನ್ನೂ ಕೊಟ್ಟಿತು. ಕಾರವಾರಕ್ಕೆ ಫ್ರಾನ್ಸಿನ ಮಾದರಿ ಒಗ್ಗುತ್ತದೆ ಎಂದು ನನ್ನ ಎಣಿಕೆ. ಜಿಲ್ಲಾ ಪಂಚಾಯಿತಿ, ಗುತ್ತಿಗೆ ಕಾರ್ಮಿಕರು, ಮೀನುಗಾರರು, ಕುಣಬಿ ಮತ್ತು ಹಾಲಕ್ಕಿ ಸಮುದಾಯದ ಪ್ರತಿನಿಧಿಗಳು, ವೈದ್ಯಕೀಯ ಕಾಲೇಜಿನ ಒಬ್ಬರು ಇರುವ ಶಾಶ್ವತ ಸಮಿತಿ, ಅದಕ್ಕೆ ಒಂದಿಷ್ಟು ಹಣ, ಕನ್ನಡ ಮತ್ತು ಕೊಂಕಣಿಯಲ್ಲಿ ಕಲಾಪ. ಇದಕ್ಕೆ ಸಂಸತ್ತಿನ ಕಾಯ್ದೆಯೂ ಬೇಡ, ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಒಂದು ಆದೇಶದಿಂದ ಶುರು ಮಾಡಬಹುದು.

ನೀವು ಬಾಯಿ ಹಾಕಬಹುದೇ? ಖಂಡಿತ ಹಾಕಬೇಕು, ಆದರೆ ನಿಮಗೆ ತಕ್ಕ ಕೆಲಸ ಹಿಡಿದು. ಅಹವಾಲು ಸಭೆ ಹೇಗಿರುತ್ತದೆ ಎಂದು ನೀವು ಕೇಳಿರಬಹುದು. ಶಾಮಿಯಾನ, ವೇದಿಕೆಯ ಮೇಲೆ ಜಿಲ್ಲಾಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು, ಕೆಳಗೆ ಮೈಕಿಗಾಗಿ ಉದ್ದನೆಯ ಸಾಲು. ಸಾಲಿನಲ್ಲಿ ನಿಂತ ಹೆಂಗಸಿನ ಕೈಯಲ್ಲಿ ಬರೆದಿಟ್ಟ ಚೀಟಿ, ಸರದಿ ಬರುವಷ್ಟರಲ್ಲಿ ಬೆವರಿಗೆ ಅಕ್ಷರ ಕಲಸಿಹೋಗಿರುತ್ತದೆ. ಅವರ ಮುಂದಿರುವ ಪರಿಸರ ವರದಿ ಮಾತ್ರ ನೂರಾರು ಪುಟದ ಇಂಗ್ಲಿಷ್ ಗ್ರಂಥ, ಕನ್ನಡದಲ್ಲಿ ಸಿಗುವುದು ಅದರ ಸಾರಾಂಶ. ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. 30 ದಿನದಲ್ಲಿ ಆ ಗ್ರಂಥವನ್ನು ಓದಿ ಪ್ರಶ್ನೆ ತೆಗೆಯಲು ಮಲ್ಲಾಪುರದಲ್ಲಿ ಯಾರಿಗೆ ಬಿಡುವಿದೆ? ಬೆಂಗಳೂರಿನಲ್ಲಿ ನಿಮ್ಮಂಥ ಓದಿದ ಕಾರವಾರದವರು ಸಾವಿರಾರು ಮಂದಿ ಇದ್ದೀರಿ. ಎಂಜಿನಿಯರುಗಳಿದ್ದೀರಿ, ವೈದ್ಯರಿದ್ದೀರಿ, ವಕೀಲರಿದ್ದೀರಿ.

ಅನುಮತಿ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಪರಿಸರ ಅನುಮತಿಯ ಜೊತೆ ಷರತ್ತುಗಳ ಪಟ್ಟಿ ಇರುತ್ತದೆ. ಅವುಗಳನ್ನು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಇದನ್ನು ತರಿಸಿಕೊಳ್ಳಿ, ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದೊಂದು ಷರತ್ತಿನ ಎದುರಿಗೆ ಏನಾಗಿದೆ ಎಂದು ಸರಳ ಕನ್ನಡದಲ್ಲಿ ಬರೆದು ಊರಿಗೆ ಕಳಿಸಿ. ನಿಜವೋ ಅಲ್ಲವೋ ಎಂದು ಸ್ಥಳದಲ್ಲಿ ನೋಡಿ ಹೇಳುವವರು ನಿಮ್ಮ ಅತ್ತೆ, ಚಿಕ್ಕಪ್ಪ. ಅಲ್ಲಿ ಮೈಕು ಅವರ ಕೈಯಲ್ಲಿರಲಿ. ಬೆಂಗಳೂರಿನಿಂದ ಬಂದವರು ಸಭೆಯಲ್ಲಿ ಮಾತಾಡಿ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾರೆ ಎಂಬ ಬೇಸರ ಪರದವರಿಗೂ ಇದೆ, ವಿರೋಧದವರಿಗೂ ಇದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ ಅಣು ವಿದ್ಯುತ್ತಿನ ಬಾಗಿಲನ್ನು ಖಾಸಗಿಯವರಿಗೂ ತೆರೆದಿರುವುದರಿಂದ ಇಂಥ ಓದು ಇನ್ನು ಕೈಗಾದವರಿಗಷ್ಟೇ ಸೀಮಿತವಾಗಿ ಉಳಿಯಲಾರದು.

ಕೊನೆಗೆ ಮನೆಯ ಪ್ರಶ್ನೆ. ಸ್ಥಾವರದ ತೀರಾ ಹತ್ತಿರದ ವಲಯದಲ್ಲಿ ವಾಸಕ್ಕೆ ಅವಕಾಶವೇ ಇಲ್ಲ, ಅಲ್ಲಿಂದ ಸುಮಾರು 5 ಕಿಲೋಮೀಟರ್‌ವರೆಗೆ ಜನಸಂಖ್ಯೆ ಹೆಚ್ಚಿಸುವ ದೊಡ್ಡ ಬಡಾವಣೆ, ಕಾರ್ಖಾನೆಗಳಿಗೆ ನಿರ್ಬಂಧ ಇರುತ್ತದೆ, ಸಹಜವಾಗಿ ಬೆಳೆಯುವ ಊರಿನ ಮನೆಗಳಿಗೆ ಅಡ್ಡಿ ಇರುವುದಿಲ್ಲ. ಪಂಚಾಯಿತಿಯಲ್ಲಿ ಸರ್ವೆ ನಂಬರ್ ಕೊಟ್ಟು ನಿಮ್ಮ ಜಾಗ ಎಲ್ಲಿ ಬೀಳುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಜಾಗ ಕದ್ರಾ ಅಣೆಕಟ್ಟಿನ ಕೆಳಗಿದ್ದರೆ ನನಗೆ ಸ್ಥಾವರಕ್ಕಿಂತ ಹೊಳೆಯ ಚಿಂತೆ ಹೆಚ್ಚು. 2019 ಮತ್ತು 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅತ್ತೆಯನ್ನು ಕರೆದುಕೊಂಡು ಹೋಗಿ ಜಾಗದಲ್ಲೇ ಗುರುತು ಹಾಕಿಸಿಕೊಳ್ಳಿ. ಅಡಿಪಾಯ ಆ ಗುರುತಿಗಿಂತ ಸಾಕಷ್ಟು ಮೇಲಿರಲಿ, ಹಿಂದೆ ಗುಡ್ಡ ಕಡಿದ ದರೆ ಇದ್ದರೆ ಅದರ ಬುಡದಲ್ಲಿ ಕಟ್ಟಬೇಡಿ. ಇಷ್ಟು ನೋಡಿಕೊಂಡ ಮೇಲೆ ಕಟ್ಟಿ. ಅಲ್ಲಿ ಮನೆ ಇದ್ದು ಗ್ರಾಮಸಭೆಯಲ್ಲಿ ಕುಳಿತವರ ಪ್ರಶ್ನೆಗೆ ಅಧಿಕಾರಿಗಳು ಉತ್ತರ ಹೇಳಲೇಬೇಕಾಗುತ್ತದೆ.